ಗ್ವೆಲ್ಫ್‌ನ ಹಿತ್ತಲಲ್ಲಿ ವೈಟ್ ವಿಡೋ

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂದು ಮನೆಯಲ್ಲಿ ನಾಲ್ಕು ಗಿಡ ಬೆಳೆಸಬಹುದು. ಮನೆಗೆ ನಾಲ್ಕು, ತಲೆಗೆ ನಾಲ್ಕಲ್ಲ. ಕ್ವೆಬೆಕ್ ಪ್ರಾಂತ್ಯದಲ್ಲಿ ಅದಕ್ಕೂ ಅವಕಾಶ ಇಲ್ಲ. ನಾನಿರುವ ಒಂಟಾರಿಯೊದಲ್ಲಿ 19 ತುಂಬಿದವರಿಗೆ ಅಡ್ಡಿಯಿಲ್ಲ. ಬೀಜ ಮಾತ್ರ ಲೈಸೆನ್ಸ್ ಇರುವ ಕಡೆಯಿಂದಲೇ ಬಂದಿರಬೇಕು. ಟೊರಾಂಟೊದಿಂದ ಒಂದು ಗಂಟೆ ದಾರಿಯ ಗ್ವೆಲ್ಫ್ ಊರಲ್ಲಿ ನಮ್ಮ ಮನೆ. ಹಿಂದೆ ಸ್ವಲ್ಪ ಜಾಗ, ಎತ್ತರದ ಬೇಲಿ, ದಕ್ಷಿಣಕ್ಕೆ ಬಿಸಿಲು. ಹೋದ ಬೇಸಿಗೆ ಅಲ್ಲಿ ಟೊಮೆಟೊ, ಬದನೆ, ಬ್ಯಾಡಗಿ ಮೆಣಸಿನಕಾಯಿಯ ಪಕ್ಕ ವೈಟ್ ವಿಡೋ ಅನ್ನುವ ಹೈಬ್ರಿಡ್ ಗಾಂಜಾ ಗಿಡಗಳನ್ನೂ ಬೆಳೆಸಿದೆ.

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಊರಲ್ಲಿ ಯಾರೂ ಹಿತ್ತಲಿಗೆ ಹಾಕಲು ಹೋಗಬೇಡಿ. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಬೆಳೆದವರಿಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಮೇಲೆ ಲಕ್ಷ ರೂಪಾಯಿವರೆಗೆ ದಂಡ. ಮೆಕ್ಕೆಜೋಳದ ಹೊಲದೊಳಗೆ ಗಾಂಜಾ ಸಿಕ್ಕಿತು, ರೈತನನ್ನು ಹಿಡಿದುಕೊಂಡು ಹೋದರು ಅಂತ ನಮ್ಮ ಕಡೆ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಇಲ್ಲಿಂದ ಬೀಜ, ಎಲೆ, ಏನನ್ನೂ ಗಡಿ ದಾಟಿಸುವಂತೆಯೂ ಇಲ್ಲ. ಕೆನಡಾದ ಕಾನೂನೇ ಅದನ್ನು ಅಪರಾಧ ಅನ್ನುತ್ತದೆ.

ನಾನು ಸಿಗರೇಟನ್ನೂ ಸೇದುವವನಲ್ಲ. ನನಗಿರುವುದು ಗಿಡದ ಹುಚ್ಚು. ನಮ್ಮೂರು ರಾಣೆಬೆನ್ನೂರಿನ ಹತ್ತಿರ. ಆ ಸೀಮೆ ಬೀಜೋತ್ಪಾದನೆಗೆ ಹೆಸರುವಾಸಿ. ಹತ್ತಿ, ಟೊಮೆಟೊ, ಬೆಂಡೆ, ಮೆಣಸಿನಕಾಯಿ, ಯಾವ ಕಂಪನಿಯ ಹೈಬ್ರಿಡ್ ಬೀಜವೇ ಇರಲಿ, ಅದರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳ ಬೆರಳಿನ ಕೆಲಸ ಇರುತ್ತದೆ. ಸಂಜೆ ಮೊಗ್ಗು ಸುಲಿದು ಕೇಸರ ತೆಗೆಯುವುದು, ಬೆಳಿಗ್ಗೆ ಗಂಡು ಹೂವಿನ ಪುಡಿ ಮುಟ್ಟಿಸುವುದು, ಗುರುತಿಗೆ ದಾರ ಕಟ್ಟುವುದು. ಇದಕ್ಕೆ ನಾವು ಕ್ರಾಸಿಂಗ್ ಅಂತೀವಿ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ ಬಂದಾಗಿನಿಂದ ನಮ್ಮಪ್ಪ ಇದನ್ನೇ ನೋಡಿಕೊಂಡು ಬಂದವರು. ಹಾಗಾಗಿ ಪ್ಯಾಕೆಟ್ ಮೇಲೆ ಹೈಬ್ರಿಡ್ ಅಂತ ಕಂಡಾಗ, ಇದರ ಗಂಡು ಯಾವುದು, ಹೆಣ್ಣು ಯಾವುದು ಅನ್ನೋ ಪ್ರಶ್ನೆ ತಾನಾಗೇ ಬಂತು.

ವೈಟ್ ವಿಡೋದ ವಂಶ ಹುಡುಕಿದರೆ ಸಿಗುವ ಕಥೆ ಇದು. 1990ರ ದಶಕದ ಶುರುವಿನಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ತಳಿ. 1995ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕ್ಯಾನಬಿಸ್ ಕಪ್ ಅನ್ನುವ ಗಾಂಜಾ ಸ್ಪರ್ಧೆ ಗೆದ್ದು ಜಗತ್ತಿಗೆಲ್ಲಾ ಗೊತ್ತಾಯಿತು. ಹೆಣ್ಣು ಬ್ರೆಜಿಲ್ ಕಡೆಯ ಸಟೈವಾ, ಅಂದರೆ ಸಣ್ಣ ಎಲೆಯ ಉದ್ದನೆ ಗಿಡ. ಗಂಡು ದಕ್ಷಿಣ ಭಾರತದ್ದು, ಕೇರಳದ ಬೆಟ್ಟದ ಕಡೆಯದು, ಅಂಟು ಜಾಸ್ತಿ ಇರುವ ಇಂಡಿಕಾ, ಅಂದರೆ ಅಗಲ ಎಲೆಯ ಗಿಡ್ಡ ಗಿಡ, ಅನ್ನುತ್ತಾರೆ. ಮೊದಲು ಮಾಡಿದ್ದು ಯಾರು ಅನ್ನುವುದಕ್ಕೆ ಅಲ್ಲಿನವರಲ್ಲಿ ಇನ್ನೂ ಜಗಳ ಇದೆ. ಆದರೆ ನಮ್ಮ ಕಡೆಯ ಗಿಡವೊಂದು ಇದರ ಅಪ್ಪ ಅಂತ ಬಹಳಷ್ಟು ಬೀಜದವರು ಹೇಳುತ್ತಾರೆ. ನಾನು ಈ ತಳಿಯನ್ನೇ ಆರಿಸಿದ್ದಕ್ಕೆ ಅದೇ ಕಾರಣ.

ಒಂದು ಅನುಮಾನ ಮಾತ್ರ ಉಳಿದಿದೆ. ದಕ್ಷಿಣ ಭಾರತದ ನಾಟಿ ಗಾಂಜಾ ಅಂದರೆ ಸಣ್ಣ ಎಲೆಯ, ಉದ್ದಕ್ಕೆ ಬೆಳೆಯುವ, ಹೂವು ಬಲಿಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಗಿಡ. ವೈಟ್ ವಿಡೋ ಎಂಟೊಂಬತ್ತು ವಾರಕ್ಕೆ ಹೂವು ಬಲಿಸುತ್ತದೆ. ಅಷ್ಟು ಬೇಗ ಮುಗಿಸುವ ಗುಣ ಸಾಮಾನ್ಯವಾಗಿ ಅಫ್ಘಾನಿಸ್ತಾನ, ಹಿಂದೂಕುಶ್ ಕಡೆಯ ಗಿಡ್ಡ ತಳಿಗಳದ್ದು. ಆ ಕೇರಳದ ಗಂಡಿನ ಮೈಯಲ್ಲಿ ಮೊದಲೇ ಹಿಂದೂಕುಶ್ ಕಡೆಯ ರಕ್ತ ಸೇರಿತ್ತು ಅನ್ನುವುದು ನನ್ನ ಲೆಕ್ಕ. ಬೀಜದವರ ವಂಶಾವಳಿಯನ್ನು ಜಾತಕದಷ್ಟೇ ನಂಬಬೇಕು, ಬಿಡಿ.

ಸಟೈವಾ, ಇಂಡಿಕಾ ಅನ್ನೋ ಹೆಸರುಗಳದ್ದೂ ಅದೇ ಕಥೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಯುರೋಪಿನ ನಾರಿನ ಗಿಡ ನೋಡಿ ಸಟೈವಾ ಅಂದ. 1785ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಲಮಾರ್ಕ್ ಭಾರತದಿಂದ ಹೋದ ಗಿಡ ನೋಡಿ ಇಂಡಿಕಾ ಅಂದ. ಈಗ ಅಂಗಡಿಯಲ್ಲಿ ಸಟೈವಾ ಅಂದರೆ ಹುರುಪು, ಇಂಡಿಕಾ ಅಂದರೆ ನಿದ್ದೆ ಅಂತ ಮಾರುತ್ತಾರೆ. ವಂಶವಾಹಿ ಪರೀಕ್ಷೆ ಮಾಡಿದವರು ಆ ಲೇಬಲ್ಲಿಗೂ ಒಳಗಿನ ಗಿಡಕ್ಕೂ ಹೆಚ್ಚು ತಾಳೆಯಾಗುವುದಿಲ್ಲ ಅಂದಿದ್ದಾರೆ. ಬೆಳೆಯುವವನಿಗೆ ಮಾತ್ರ ಈ ಎರಡು ಹೆಸರು ಗಿಡದ ಆಕಾರ ಹೇಳಲು ಉಪಯೋಗಕ್ಕೆ ಬರುತ್ತವೆ. ಎಲೆ ಸಣ್ಣದೋ ಅಗಲವೋ, ಗೆಣ್ಣು ದೂರವೋ ಹತ್ತಿರವೋ, ಅಷ್ಟೇ.

ಬೀಜ ಕಾಳುಮೆಣಸಿಗಿಂತ ಚಿಕ್ಕದು. ಕಂದು ಬಣ್ಣ, ಮೇಲೆ ಹುಲಿಯ ಹಾಗೆ ಪಟ್ಟೆ. ಎಲ್ಲಾ ಹೆಣ್ಣು ಬೀಜ ಅಂತ ಪ್ಯಾಕೆಟ್ ಮೇಲೇ ಬರೆದಿತ್ತು. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೇಕಾಗಿರುವುದು ಬೀಜ ಕಟ್ಟದ ಹೆಣ್ಣು ಹೂವು. ಹಿಂದಿನ ಕಾಲದಲ್ಲಿ ಇದು ದೊಡ್ಡ ಕೆಲಸ. ಬ್ರಿಟಿಷರ ಕಾಲದ ಬಂಗಾಳದಲ್ಲಿ, ನೌಗಾಂವ್ ಕಡೆ, ಗಂಡು ಗಿಡ ಗುರುತಿಸಿ ಕೀಳುವುದಕ್ಕೆಂದೇ ಪೋದ್ದಾರ್ ಅನ್ನುವ ಪರಿಣತರು ಹೊಲಹೊಲ ತಿರುಗುತ್ತಿದ್ದರು. 1893-94ರ ಸರ್ಕಾರಿ ಆಯೋಗದ ವರದಿಯಲ್ಲಿ ಅವರಿಗೆ ಗಾಂಜಾ ಡಾಕ್ಟರ್ ಅಂತಲೇ ಹೆಸರು. ಈಗ ಆ ಡಾಕ್ಟರ್ ಕೆಲಸವನ್ನು ಬೆಳ್ಳಿಯ ದ್ರಾವಣ ಮಾಡುತ್ತದೆ. ಹೆಣ್ಣು ಗಿಡದ ಒಂದು ಕೊಂಬೆಗೆ ಅದನ್ನು ಸಿಂಪಡಿಸಿದರೆ ಗಿಡದ ಹಾರ್ಮೋನಾದ ಎಥಿಲೀನ್‌ನ ಕೆಲಸ ನಿಂತು, ಅಲ್ಲಿ ಗಂಡು ಹೂವು ಬರುತ್ತದೆ. ಆ ಪುಡಿಯಲ್ಲಿ ಗಂಡು ವರ್ಣತಂತುವೇ ಇರುವುದಿಲ್ಲ. ಅದನ್ನು ಇನ್ನೊಂದು ಹೆಣ್ಣಿಗೆ ಮುಟ್ಟಿಸಿದರೆ ಹುಟ್ಟುವುದೆಲ್ಲಾ ಹೆಚ್ಚೂಕಮ್ಮಿ ಹೆಣ್ಣೇ. ಇದನ್ನು ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಪೊಲೀಸರ ಭಯ ಮರೆತು ಅವರು ಕೇಳಿದ್ದು ಒಂದೇ: "ಆ ಔಷಧ ನಮ್ಮ ಸೌತಿಗೆ ಹೊಡದ್ರ ಆಕ್ಕೈತೇನು?" ಆಗುತ್ತದೆ. ಬೀಜದ ಕಂಪನಿಗಳು ಸೌತೆಯಲ್ಲೂ ಬೆಳ್ಳಿಯ ದ್ರಾವಣ ಬಳಸುತ್ತವೆ.

ಏಪ್ರಿಲ್ ಕೊನೆಗೆ ಒದ್ದೆ ಟಿಶ್ಯೂ ಪೇಪರಿನಲ್ಲಿ ಬೀಜ ಸುತ್ತಿ ಬೆಚ್ಚಗೆ ಇಟ್ಟೆ. ಎರಡು ಮೂರು ದಿನಕ್ಕೆ ಬಿಳಿ ಬೇರು ಇಣುಕಿತು. ಸಣ್ಣ ಕುಂಡಕ್ಕೆ ಇಳಿಸಿ, ಬೇಸ್‌ಮೆಂಟಿನಲ್ಲಿ ಎಲ್ಇಡಿ ದೀಪದ ಕೆಳಗೆ ದಿನಕ್ಕೆ 18 ಗಂಟೆ ಬೆಳಕು ಕೊಟ್ಟೆ. ಇಲ್ಲಿ ಮೇ ತಿಂಗಳ ವಿಕ್ಟೋರಿಯಾ ಡೇ ಕಳೆಯುವವರೆಗೆ ಯಾರೂ ಸಸಿ ಹೊರಗೆ ನೆಡುವುದಿಲ್ಲ. ರಾತ್ರಿಯ ಹಿಮ ಒಂದೇ ಸಲಕ್ಕೆ ಸುಟ್ಟುಹಾಕುತ್ತದೆ. ಜೂನ್ ಮೊದಲ ವಾರ ಬಟ್ಟೆಯ ದೊಡ್ಡ ಕುಂಡಗಳಿಗೆ ಹಾಕಿದೆ. ಮಣ್ಣು, ಕಾಂಪೋಸ್ಟ್, ನೀರು ನಿಲ್ಲದಿರಲು ಪರ್ಲೈಟ್. ಗೊಬ್ಬರದ ವಿಷಯ ಮೆಣಸಿನಕಾಯಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ: ಮೊದಲು ಸಾರಜನಕ, ಹೂವಿಗೆ ಬಂದ ಮೇಲೆ ಅದನ್ನು ಕಡಿಮೆ ಮಾಡಿ ರಂಜಕ, ಪೊಟ್ಯಾಷ್.

ನಾಲ್ಕು ಗಿಡದ ಅವಕಾಶ ಇದ್ದರೂ ಬೀಜದಿಂದ ಎರಡೇ ಬೆಳೆಸಿದೆ. ಉಳಿದೆರಡು ಜಾಗ ಯಾಕೆ ಬಿಟ್ಟೆ ಅಂತ ಮುಂದೆ ಹೇಳುತ್ತೇನೆ. ಜುಲೈ ಹೊತ್ತಿಗೆ ಈ ಎರಡು ಗಿಡ ಅಕ್ಕತಂಗಿಯರು ಅಂದರೆ ಯಾರೂ ನಂಬುತ್ತಿರಲಿಲ್ಲ. ಒಂದೇ ಪ್ಯಾಕೆಟ್, ಒಂದೇ ಮಣ್ಣು, ಒಂದೇ ಬಿಸಿಲು. ಒಂದರ ಎಲೆ ಸಣ್ಣ, ಬೆರಳು ಬೆರಳಾಗಿ ಬಿಡಿಸಿಕೊಂಡಿದೆ, ಗೆಣ್ಣುಗಳ ಮಧ್ಯೆ ಮೂರ್ನಾಲ್ಕು ಬೆರಳಿನ ಅಂತರ, ಬೇಲಿಯನ್ನು ಮುಟ್ಟುವ ಆತುರ. ಇನ್ನೊಂದರ ಎಲೆ ಅಂಗೈ ಅಗಲ, ಕಡುಹಸಿರು, ಗೆಣ್ಣಿಗೆ ಗೆಣ್ಣು ಒತ್ತಿಕೊಂಡು ಗುಂಡಗೆ ಕೂತಿದೆ. ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಅಪ್ಪ ನಕ್ಕರು. "ಹೈಬ್ರಿಡ್ ಅಂದ್ರ ಎಲ್ಲಾ ಗಿಡ ಒಂದ ಸವನ ಇರಬೇಕಲೇ ತಮ್ಮಾ. ಇದೇನು, ಒಂದು ಒಂಟೆ, ಒಂದು ಕುರಿ! ಯಾವನೋ ನಿನಗ ಕಲಬೆರಕೆ ಬೀಜ ಕೊಟ್ಟಾನ."

ಅವರು ಹೇಳಿದ್ದು ಅವರ ಲೆಕ್ಕಕ್ಕೆ ಸರಿ. ಹತ್ತಿಯಲ್ಲೋ ಮೆಕ್ಕೆಜೋಳದಲ್ಲೋ ಹೈಬ್ರಿಡ್ ಮಾಡುವವರು ಮೊದಲು ಗಂಡು ಸಾಲು, ಹೆಣ್ಣು ಸಾಲು ಎರಡನ್ನೂ ವರ್ಷಗಟ್ಟಲೆ ಶುದ್ಧ ಮಾಡಿ ಇಟ್ಟುಕೊಂಡಿರುತ್ತಾರೆ. ಅಂಥ ಎರಡು ಶುದ್ಧ ಸಾಲು ಸೇರಿದಾಗ ಮೊದಲ ಪೀಳಿಗೆಯ ಗಿಡಗಳೆಲ್ಲಾ ಅಚ್ಚು ಹಾಕಿದಂತೆ ಬರುತ್ತವೆ. ಗಾಂಜಾದಲ್ಲಿ ಈ ಕೆಲಸ ದಶಕಗಳ ಕಾಲ ಕದ್ದುಮುಚ್ಚಿ, ಮನೆಯ ಅಟ್ಟದ ಮೇಲೆ, ಬೇಸ್‌ಮೆಂಟಿನಲ್ಲಿ ನಡೆಯಿತು. ಸಾವಿರ ಗಿಡ ಹಾಕಿ ಒಂದು ಆರಿಸುವ ಹೊಲ ಯಾರ ಹತ್ತಿರವೂ ಇರಲಿಲ್ಲ. ಮಿಶ್ರ ತಳಿಗೆ ಮಿಶ್ರ ತಳಿ ಸೇರಿಸಿದರು, ಅದಕ್ಕೆ ಮತ್ತೊಂದು. ಹಾಗಾಗಿ ಅಂಗಡಿಯ ಬಹುಪಾಲು ಗಾಂಜಾ ಹೈಬ್ರಿಡ್ ನಮ್ಮ ಬೀಜದ ಪ್ಲಾಟಿನ ಎರಡನೇ ಪೀಳಿಗೆಯ ಹಾಗೆ ವರ್ತಿಸುತ್ತದೆ. ಅಜ್ಜ ಅಜ್ಜಿಯರ ಗುಣ ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಈಚೆಗೆ ಕೆಲವು ಕಂಪನಿಗಳು ನಿಜವಾದ ಮೊದಲ ಪೀಳಿಗೆಯ ಬೀಜ ಮಾರುತ್ತಿವೆ. ಆದರೆ ಹಳೆಯ ಹೆಸರಿನ ತಳಿ ಕೊಂಡರೆ ಒಂಟೆಗೂ ಕುರಿಗೂ ತಯಾರಿರಬೇಕು.

ಅವತ್ತಿನಿಂದ ಮನೆಯಲ್ಲಿ ಅವಕ್ಕೆ ಅದೇ ಹೆಸರು. ಒಂಟೆಯ ಕುಡಿಯನ್ನು ಎರಡು ಸಲ ಚಿವುಟಿ, ಕೊಂಬೆಗಳನ್ನು ಹುರಿಯಿಂದ ಕುಂಡದ ಅಂಚಿಗೆ ಬಗ್ಗಿಸಿ ಕಟ್ಟಿದೆ. ಕುರಿಗೆ ಒಂದು ಚಿವುಟು ಸಾಕಾಯಿತು, ಒಳಗಿನ ಎಲೆ ಮಾತ್ರ ಆಗಾಗ ತೆಗೆಯುತ್ತಿದ್ದೆ. ಜುಲೈನಲ್ಲಿ ಜಪಾನಿ ದುಂಬಿಗಳ ಕಾಟ. ಹಸಿರು ತಲೆ, ತಾಮ್ರದ ಬೆನ್ನು, ನೋಡಲು ಚೆಂದ. ಎಲೆಯ ನರ ಬಿಟ್ಟು ಉಳಿದಿದ್ದೆಲ್ಲಾ ತಿಂದು ಜರಡಿ ಮಾಡುತ್ತವೆ. ಬೆಳಿಗ್ಗೆ ಚಳಿಗೆ ಜಡವಾಗಿ ಕೂತಿರುತ್ತವೆ. ಸೋಪಿನ ನೀರಿನ ಡಬ್ಬಿ ಹಿಡಿದು ಕೊಂಬೆ ಅಲ್ಲಾಡಿಸಿದರೆ ಟಪಟಪ ಬೀಳುತ್ತವೆ. ನಮ್ಮ ಕೈ ಮೊದಲು ಹೋಗುವುದು ಬೇವಿನ ಎಣ್ಣೆಗೆ, ಅಲ್ವಾ? ಕೆನಡಾದ ಅಂಗಡಿಗಳಲ್ಲಿ ಅದನ್ನು ಸಾಮಾನ್ಯವಾಗಿ ಕೀಟನಾಶಕ ಅಂತ ಮಾರುವುದಿಲ್ಲ. ಎಲೆಗೆ ಹೊಳಪು ಕೊಡುವ ಎಣ್ಣೆ ಅಂತ ಇಟ್ಟಿರುತ್ತಾರೆ. ಹೂವಿನ ಮೇಲಂತೂ ಏನನ್ನೂ ಹೊಡೆಯದಿರುವುದೇ ಒಳ್ಳೆಯದು.

ಹೂವಿನ ಸಮಯ ಗಿಡಕ್ಕೆ ಹೇಳುವುದು ರಾತ್ರಿಯ ಉದ್ದ. ರಾಣೆಬೆನ್ನೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 13 ಗಂಟೆ. ಗ್ವೆಲ್ಫ್‌ನಲ್ಲಿ ಜೂನ್ ಹಗಲು 15 ಗಂಟೆಗೂ ಮೇಲೆ. ಸಮಭಾಜಕದ ಹತ್ತಿರದ ತಳಿ ಇಲ್ಲಿ ಬೇಸಿಗೆಯೆಲ್ಲಾ ಬರೀ ಎಲೆ ಬಿಡುತ್ತಾ ಕೂತಿರುತ್ತದೆ. ಅದಕ್ಕೆ ಬೇಕಾದ ಉದ್ದದ ರಾತ್ರಿ ಬರುವಷ್ಟರಲ್ಲಿ ಸೆಪ್ಟೆಂಬರ್, ಹೂವು ಬಲಿಯುವಷ್ಟರಲ್ಲಿ ಹಿಮ. ಶುದ್ಧ ಕೇರಳದ ಗಿಡವನ್ನೋ ಬ್ರೆಜಿಲ್ ಗಿಡವನ್ನೋ ಇಲ್ಲಿ ಬಯಲಿನಲ್ಲಿ ಬೆಳೆಯುವುದು ಆಗದ ಮಾತು. ಹೈಬ್ರಿಡ್ ಬೇಕಾಗುವುದೇ ಇದಕ್ಕೆ. ನಶೆಯ ಪರ್ಸೆಂಟೇಜ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಯಲಲ್ಲಿ ಬೆಳೆಯುವವನಿಗೆ ಮುಖ್ಯ ಆಗುವುದು ಗಿಡದ ಕ್ಯಾಲೆಂಡರ್.

ಕುರಿ ಆಗಸ್ಟ್ ಮೊದಲ ವಾರದಲ್ಲೇ ಗೆಣ್ಣುಗಳಲ್ಲಿ ಬಿಳಿ ಕೂದಲಿನಂಥ ಎಳೆ ಬಿಟ್ಟಿತು. ಒಂಟೆ ಅದಕ್ಕಿಂತ ಎರಡು ವಾರ ತಡ. ಸೆಪ್ಟೆಂಬರಿನಲ್ಲಿ ಈ ತಳಿಗೆ ಆ ಹೆಸರು ಯಾಕೆ ಬಂತು ಅಂತ ಕಣ್ಣಾರೆ ನೋಡಿದೆ. ಹೂವಿನ ಗೊಂಚಲು, ಅದರ ಸುತ್ತಲಿನ ಪುಟ್ಟ ಎಲೆ, ಎಲ್ಲದರ ಮೇಲೂ ಉಪ್ಪಿನ ಪುಡಿ ಉದುರಿದಷ್ಟು ಬಿಳುಪು. 60 ಪಟ್ಟು ದೊಡ್ಡದು ಮಾಡುವ ಪುಟ್ಟ ಭೂತಗನ್ನಡಿ ಇಟ್ಟರೆ ಬೇರೆಯೇ ಲೋಕ. ಒಂದೊಂದು ಕಣವೂ ತೆಳ್ಳಗಿನ ಕಾಲಿನ ಮೇಲೆ ನಿಂತ ಗುಂಡು ತಲೆ. ಆ ತಲೆಯೊಳಗೇ ನಶೆ ತರುವ ಟಿಎಚ್‌ಸಿ, ವಾಸನೆಯ ಎಣ್ಣೆಗಳು, ಎಲ್ಲಾ ತಯಾರಾಗುವುದು. ಮೊದಲು ಗಾಜಿನ ಹಾಗೆ ತಿಳಿ, ಆಮೇಲೆ ಹಾಲಿನ ಬಿಳಿ, ಕೊನೆಗೆ ಜೇನಿನ ಬಣ್ಣ. ಬಹುಪಾಲು ಹಾಲಾಗಿ, ಅಲ್ಲೊಂದು ಇಲ್ಲೊಂದು ಜೇನಾದಾಗ ಕೊಯ್ಲು. ಕೂದಲು ಕೆಂಪಾಗುವುದನ್ನು ಮಾತ್ರ ನೋಡಿದರೆ ಸಾಲದು, ಮಳೆ ಬಂದರೂ ಅದು ಕೆಂಪಾಗುತ್ತದೆ.

ಹೂವು ಮುಟ್ಟಿದ ಬೆರಳು ಒಂದಕ್ಕೊಂದು ಅಂಟುತ್ತವೆ. ಸೋಪಿಗೆ ಹೋಗುವುದಿಲ್ಲ, ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು. ವಾಸನೆಯಲ್ಲೂ ಎರಡು ಗಿಡಕ್ಕೆ ವ್ಯತ್ಯಾಸ. ಕುರಿಯದ್ದು ಒದ್ದೆ ಮಣ್ಣು, ಹಳೆ ಮರ. ಒಂಟೆಯ ಎಲೆ ಉಜ್ಜಿದರೆ ಮೊದಲು ಪೈನ್ ಮರದ ಘಾಟು, ಹಿಂದಿನಿಂದ ಜಜ್ಜಿದ ಕಾಳುಮೆಣಸು. ಮೆಣಸು ನೆನಪಾದದ್ದು ಸುಮ್ನೆ ಅಲ್ಲ. ಕ್ಯಾರಿಯೋಫಿಲೀನ್ ಅನ್ನುವ ಒಂದೇ ಎಣ್ಣೆ ಕಾಳುಮೆಣಸಿನಲ್ಲೂ ಗಾಂಜಾದಲ್ಲೂ ಇದೆ. ನನಗೆ ಒಂಟೆಯ ವಾಸನೆಯೇ ಇಷ್ಟ.

ಸೆಪ್ಟೆಂಬರ್ ಕೊನೆಗೆ ಬೆಳಗಿನ ಮಂಜು ಶುರುವಾಯಿತು. ಕುರಿಯ ಗೊಂಚಲುಗಳು ಕಲ್ಲಿನಷ್ಟು ಗಟ್ಟಿ. ಗಟ್ಟಿ ಗೊಂಚಲಿನ ಒಳಗೆ ಗಾಳಿ ಆಡುವುದಿಲ್ಲ. ಒಂದು ದಿನ ದಪ್ಪ ಗೊಂಚಲಿನ ನಡುವೆ ಒಂದೇ ಒಂದು ಪುಟ್ಟ ಎಲೆ ಹಳದಿಯಾಗಿ ಬಾಗಿತ್ತು. ಸುತ್ತ ಎಲ್ಲಾ ಚೆನ್ನಾಗೇ ಇತ್ತು. ಆ ಎಲೆ ಎಳೆದರೆ ತಡೆಯೇ ಇಲ್ಲದೆ ಕೈಗೆ ಬಂತು. ಗೊಂಚಲು ಬಿಡಿಸಿದರೆ ಒಳಗಿನ ದಂಟು ಕಂದಾಗಿ, ಬೂದು ಬಣ್ಣದ ಬೂಷ್ಟು. ಬೊಟ್ರೈಟಿಸ್, ದ್ರಾಕ್ಷಿ ಗೊನೆ ಕೊಳೆಸುವ ಅದೇ ಶಿಲೀಂಧ್ರ. ಕಂಡ ಜಾಗಕ್ಕಿಂತ ಮೂರು ಬೆರಳು ಕೆಳಗೆ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಎಲ್ಲಾ ಗೊಂಚಲು ಹುಡುಕಿದೆ. ಇನ್ನೂ ಎರಡು ಕಡೆ ಇತ್ತು. ಭೂತಗನ್ನಡಿಯಲ್ಲಿ ಹಾಲಿನ ಬಿಳಿ ಬಂದಾಗಿತ್ತು, ಅವತ್ತೇ ಕುರಿಯನ್ನು ಕೊಯ್ದೆ.

ಒಂಟೆಗೆ ಆ ರೋಗ ಮುಟ್ಟಲಿಲ್ಲ. ಅದರ ಹೂವು ಬಿಡಿಬಿಡಿ, ಗಾಳಿ ಸಲೀಸಾಗಿ ಹಾಯುತ್ತದೆ. ಮಳೆ ಜಾಸ್ತಿ ಇರುವ ನಾಡಿನ ಗಿಡ ಹಾಗೇ ಇರಬೇಕಲ್ಲ. ಆದರೆ ಅದಕ್ಕೆ ಇನ್ನೂ ವಾರಗಳು ಬೇಕಿತ್ತು, ಅಕ್ಟೋಬರಿನ ಮೊದಲ ಹಿಮ ಬಾಗಿಲಿಗೆ ಬಂದಿತ್ತು. ಸಂಜೆಯಾದರೆ ಕುಂಡ ಎಳೆದು ಗ್ಯಾರೇಜಿಗೆ, ಬೆಳಿಗ್ಗೆ ಮತ್ತೆ ಹೊರಗೆ. ಪಕ್ಕದ ಮನೆಯ ಹಿರಿಯರು, ಕಾರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಒಂದು ಕಡೆ ಹಿಡಿಯುತ್ತಿದ್ದರು. ಅವರಿಗೆ ಮಂಡಿ ನೋವು. ಇಲ್ಲಿ 19 ತುಂಬಿದವರಿಗೆ 30 ಗ್ರಾಂವರೆಗೆ ಗಾಂಜಾ ಪುಕ್ಕಟೆ ಕೊಡಬಹುದು, ಮಾರುವಂತಿಲ್ಲ. ಅವರ ಪಾಲು ಆಗಲೇ ನಿಗದಿಯಾಗಿತ್ತು.

ಒಣಗಿಸುವುದು ಬೆಳೆಸುವುದಕ್ಕಿಂತ ನಾಜೂಕು. ಕೊಂಬೆಗಳನ್ನು ಬೇಸ್‌ಮೆಂಟಿನ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿದೆ. 18 ಡಿಗ್ರಿ ಆಸುಪಾಸು, ತೇವ ಶೇ. 60ರ ಹತ್ತಿರ, ಗಾಳಿ ನೇರ ಬೀಳಬಾರದು. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ, ವಾಸನೆ ಹೋಗಿ ಹುಲ್ಲಾಗುತ್ತದೆ. ನಿಧಾನ ಮಾಡಿದರೆ ಬೂಷ್ಟು. ಸಣ್ಣ ಕಡ್ಡಿ ಬಾಗದೆ ಪಟ್ ಅಂತ ಮುರಿದರೆ ಸಾಕು. ಆಮೇಲೆ ಗಾಜಿನ ಜಾಡಿ, ಮುಕ್ಕಾಲು ತುಂಬಿಸಿ, ಮೊದಲ ವಾರ ದಿನಾ ಮುಚ್ಚಳ ತೆಗೆದು ಗಾಳಿ ಆಡಿಸುವುದು. ಹಸಿಯಾಗಿದ್ದಾಗ ಕಾಣುವ ತೂಕದಲ್ಲಿ ಮುಕ್ಕಾಲು ಭಾಗ ನೀರೇ.

ಟಿಎಚ್‌ಸಿ ಎಷ್ಟಿತ್ತು ಅಂತ ಕೇಳಬೇಡಿ. ಲ್ಯಾಬಿಗೆ ಕಳಿಸಿಲ್ಲ. ಈ ತಳಿಗೆ ಶೇ. 20ರ ಸುತ್ತಮುತ್ತ ಅನ್ನುತ್ತಾರೆ, ನನ್ನ ಹಿತ್ತಲಿನ ಬಿಸಿಲಿಗೆ ಅಷ್ಟು ಬಂದಿರಲಾರದು. ಹಸಿ ಗಿಡದಲ್ಲಿರುವುದು ಅದರ ಆಮ್ಲ ರೂಪ, ಕಾಯಿಸಿದ ಮೇಲಷ್ಟೇ ನಶೆ. ಪಕ್ಕದ ಮನೆಯವರು ಬೆಣ್ಣೆಯಲ್ಲಿ ಕಾಯಿಸಿ ಬಿಸ್ಕತ್ತು ಮಾಡಿ ಒಂದು ಚೂರು ನನಗೂ ಕೊಟ್ಟರು. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆವರೆಗೆ ಏನೂ ಆಗದಿರಬಹುದು, ಏನೂ ಆಗಲಿಲ್ಲ ಅಂತ ಇನ್ನೊಂದು ಚೂರು ತಿನ್ನುವವರೇ ಆಸ್ಪತ್ರೆ ಸೇರುವುದು ಅಂತ ಅವರೇ ಎಚ್ಚರಿಸಿದರು. ನನಗೆ ಚೆನ್ನಾಗಿ ನಿದ್ದೆ ಬಂತು. ಅಷ್ಟೇ.

ಈಗ ಉಳಿದೆರಡು ಜಾಗದ ವಿಷಯ. ಗಂಡು ಗಿಡವೇ ಇಲ್ಲದ್ದರಿಂದ ಬೀಜ ಹಿಡಿಯುವಂತಿಲ್ಲ, ಹಿಡಿದರೂ ಮತ್ತೆ ಬೇರೆ ಬೇರೆ ಗುಣವೇ. ಇಷ್ಟವಾದ ಗಿಡ ಅದೇ ಗುಣದಲ್ಲಿ ಉಳಿಯಬೇಕಾದರೆ ದಾಸವಾಳಕ್ಕೆ ಮಾಡುವ ಹಾಗೆ ಕಡ್ಡಿ ನೆಡಬೇಕು. ಹೂವಿಗೆ ಮೊದಲು, ಜುಲೈನಲ್ಲೇ, ಎರಡರಿಂದಲೂ ಒಂದೊಂದು ಕಡ್ಡಿ ಕತ್ತರಿಸಿ ಬೇರು ಬರಿಸಿ 18 ಗಂಟೆಯ ದೀಪದ ಕೆಳಗೆ ಇಟ್ಟಿದ್ದೆ. ಬೇರು ಬಿಟ್ಟ ಕಡ್ಡಿಯೂ ಕಾನೂನಿನ ಲೆಕ್ಕದಲ್ಲಿ ಒಂದು ಗಿಡ, ಅದಕ್ಕೇ ಎರಡು ಜಾಗ ಬಿಟ್ಟಿದ್ದು. ಮುಂದಿನ ಬೇಸಿಗೆಗೆ ಕುರಿ ಹೊರಗೆ, ಅದಕ್ಕೆ ಇಲ್ಲಿನ ಕ್ಯಾಲೆಂಡರ್ ಒಗ್ಗುತ್ತದೆ. ಮಂಜು ಬೀಳುವ ಹೊತ್ತಿಗೆ ಮೇಲೊಂದು ಪ್ಲಾಸ್ಟಿಕ್ ಚಪ್ಪರ ಹಾಕಬೇಕು. ಒಂಟೆಗೆ ಬೇಸ್‌ಮೆಂಟೇ ಸರಿ. ಅಲ್ಲಿ ದೀಪ ಆರಿಸಿ 12 ಗಂಟೆ ಕತ್ತಲೆ ಕೊಟ್ಟರೆ ಅದರ ಪಾಲಿಗೆ ನಮ್ಮೂರಿನ ನವೆಂಬರ್, ಎಷ್ಟು ವಾರ ಬೇಕೋ ಅಷ್ಟು ತೆಗೆದುಕೊಳ್ಳಲಿ.

ಇದನ್ನೆಲ್ಲಾ ಹೆಂಡತಿಗೆ ವಿವರವಾಗಿ ಹೇಳಿದೆ. ಕೇಳಿಸಿಕೊಂಡು, "ಇಟ್ಕೊಳ್ರೀ, ಬೇಡ ಅನ್ನಲ್ಲ. ಆದ್ರೆ ಅದರ ವಾಸನೆ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂತೋ, ನೀವೂ ಅದರ ಜೊತೆ ಕೆಳಗೇ ಮಲಗಬೇಕಾಗುತ್ತೆ" ಅಂದಳು. ಫ್ಯಾನು, ಕಾರ್ಬನ್ ಫಿಲ್ಟರು ಎರಡನ್ನೂ ಆರ್ಡರ್ ಮಾಡಿದ್ದೇನೆ.